ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ

ಎರಡು ಮೂರು ವರ್ಷದ ಸ್ಮಾರ್ಟ್ ಟಿವಿ ಇರುವ ಯಾವುದೇ ಮನೆಯಲ್ಲಿ ಸಂಜೆ ಗಡಿಯಾರ ಹಿಡಿದು ಕೂತು ನೋಡಿ. ರಿಮೋಟಿನ ಹೋಮ್ ಬಟನ್ ಒತ್ತಿದ ಮೇಲೆ ಪರದೆ ಒಂದೆರಡು ಸೆಕೆಂಡು ಕಪ್ಪಗೇ ಇರುತ್ತದೆ. ಆಮೇಲೆ ಅರ್ಧ ಪರದೆ ತುಂಬುವಷ್ಟು ದೊಡ್ಡದಾಗಿ ಯಾವುದೋ ವೆಬ್ ಸರಣಿಯ ಚಿತ್ರ ಬಂದು ಕೂರುತ್ತದೆ. ಮನೆಯವರು ಯಾರೂ ಕೇಳಿದ್ದಲ್ಲ, ಯಾರೋ ದುಡ್ಡು ಕೊಟ್ಟು ಹಾಕಿಸಿದ್ದು. ಬಾಣದ ಗುಂಡಿ ಒತ್ತಿದರೆ ಏನೂ ಕದಲುವುದಿಲ್ಲ. ಸಿಟ್ಟಿನಲ್ಲಿ ಇನ್ನೂ ನಾಲ್ಕು ಸಲ ಒತ್ತಿದರೆ ಐದೂ ಒತ್ತುಗಳು ಒಟ್ಟಿಗೆ ಲೆಕ್ಕಕ್ಕೆ ಬಂದು ಬೇಡದ ಆ್ಯಪ್ ಒಂದು ತೆರೆದುಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಧಾರಾವಾಹಿಯ ಮೊದಲ ದೃಶ್ಯ ಮುಗಿದಿರುತ್ತದೆ.

ಈ ಟಿವಿ ಕೆಟ್ಟಿಲ್ಲ. ಅದರ ಪರದೆ ಇನ್ನೂ ಏಳೆಂಟು ವರ್ಷ ಬಾಳಬಲ್ಲದು. ಹಳತಾಗಿರುವುದು ಹಿಂದೆ ಅಡಗಿರುವ ಕಂಪ್ಯೂಟರು: ಒಂದೋ ಒಂದೂವರೆಯೋ ಜಿಬಿ ರ‍್ಯಾಮು, 8 ಜಿಬಿ ಸಂಗ್ರಹ, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಕಾರ್ಖಾನೆಯಿಂದಲೇ ತುಂಬಿ ಬಂದದ್ದು. ಹತ್ತು ವರ್ಷ ಬಾಳುವ ಗಾಜಿಗೆ ಮೂರು ವರ್ಷಕ್ಕೆ ಏದುಸಿರು ಬಿಡುವ ಕಂಪ್ಯೂಟರನ್ನು ಗಂಟು ಹಾಕಿ ಮಾರಿದ್ದಾರೆ. ಟಿವಿಯೊಳಗೆ ಕೈಯಾಡಿಸುವ ಆಸೆ ಹುಟ್ಟುವುದು ಈ ಗಂಟಿನಿಂದ.

ಆಸೆ ಹುಟ್ಟಿದವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ, ‘ರೂಟ್ ಮಾಡೋದು ಹೇಗೆ?’ ರೂಟ್ ಎಂದರೆ ಕಂಪನಿ ಹಾಕಿದ ಬೀಗ ಮುರಿದು ಟಿವಿಯ ಪೂರ್ತಿ ಅಧಿಕಾರ ಪಡೆಯುವುದು. ಆದರೆ ಅದು ತಪ್ಪು ಜಾಗದಿಂದ ಶುರುವಾಗುವ ಪ್ರಶ್ನೆ. ಕಾಡುತ್ತಿರುವುದು ಜಾಹೀರಾತೇ, ನಿಧಾನವೇ, ಯಾರೋ ಕದ್ದು ನೋಡುತ್ತಿದ್ದಾರೆಂಬ ಕಿರಿಕಿರಿಯೇ, ಅಥವಾ ಅಂಗಡಿಯಲ್ಲಿ ಸಿಗದ ಆ್ಯಪ್ ಬೇಕೆಂಬ ಹಟವೇ? ನಾಲ್ಕಕ್ಕೂ ಮದ್ದು ಬೇರೆ ಬೇರೆ. ಮೊದಲ ಮೂರಕ್ಕೆ ಬಹುಪಾಲು ಉಗುರೇ ಸಾಕು. ಕೊಡಲಿ ಬೇಕಾಗುವುದು ನಾಲ್ಕನೆಯದಕ್ಕೆ, ಅದೂ ಯಾವಾಗಲೂ ಅಲ್ಲ.

ಒಳಗಿರುವುದು ಲಿನಕ್ಸೇ

ಎಲ್‌ಜಿಯ ವೆಬ್‌ಓಎಸ್, ಸ್ಯಾಮ್‌ಸಂಗ್‌ನ ಟೈಜೆನ್, ಉಳಿದ ಬಹುತೇಕರ ಆಂಡ್ರಾಯ್ಡ್ ಅಥವಾ ಗೂಗಲ್ ಟಿವಿ, ಮೂರರ ಬುಡದಲ್ಲೂ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಇದೆ. ವೆಬ್‌ಓಎಸ್ ಕಥೆಯಂತೂ ಮಜಾ. 2009ರಲ್ಲಿ ಪಾಮ್ ಕಂಪನಿಯ ಫೋನಿಗಾಗಿ ಹುಟ್ಟಿದ್ದು, ಎಚ್‌ಪಿ ಕೈಗೆ ಹೋಗಿ ಅಲ್ಲಿ ಅನಾಥವಾಗಿ, 2013ರಲ್ಲಿ ಎಲ್‌ಜಿ ಕೊಂಡು, 2014ರಿಂದ ಟಿವಿಗಳಲ್ಲಿ ಕೂತಿದೆ. ಫೋನಿನ ಕಾಲದ ‘ಲೂನಾ’ ಎಂಬ ಹೆಸರು ಇವತ್ತಿಗೂ ಅದರ ಒಳಗಿನ ಸಂದೇಶ ವ್ಯವಸ್ಥೆಯಲ್ಲಿ ಉಳಿದಿದೆ. ರೂಟ್ ಸಿಕ್ಕವರು ದಿನವೂ ಬಳಸುವುದು ಅದನ್ನೇ.

ಲಿನಕ್ಸ್ ಇದ್ದಲ್ಲಿ ಅದರ ಪರವಾನಗಿಯೂ ಇರುತ್ತದೆ. ಮೂಲ ಸಂಕೇತವನ್ನು ಕೇಳಿದವರಿಗೆ ಕೊಡಲೇಬೇಕು ಎನ್ನುವ ಆ ಷರತ್ತನ್ನೇ ಹಿಡಿದು ಸಾಫ್ಟ್‌ವೇರ್ ಫ್ರೀಡಮ್ ಕನ್ಸರ್ವೆನ್ಸಿ ಎಂಬ ಅಮೆರಿಕದ ಸಂಸ್ಥೆ 2021ರಲ್ಲಿ ವಿಜಿಯೊ ಟಿವಿ ಕಂಪನಿಯ ಮೇಲೆ ಕ್ಯಾಲಿಫೋರ್ನಿಯದಲ್ಲಿ ದಾವೆ ಹೂಡಿತು. ಅದಕ್ಕೂ ಬಹಳ ಮೊದಲು, 2009ರ ಸುಮಾರಿಗೆ, ಸ್ಯಾಮಿಗೋ ಎಂಬ ಹವ್ಯಾಸಿಗಳ ಗುಂಪು ಸ್ಯಾಮ್‌ಸಂಗ್ ಟಿವಿಗಳ ಒಳಗೆ ಇಳಿದಿತ್ತು. ಹಾಗಾಗಿ ಇದು ಹೊಸ ಚಾಳಿಯೇನಲ್ಲ. ‘ಸ್ಮಾರ್ಟ್’ ಎಂಬ ಪದ ಟಿವಿಗೆ ಅಂಟಿಕೊಳ್ಳುವ ಹೊತ್ತಿಗೇ ಅದರ ಬೀಗಕ್ಕೆ ಕೈ ಹಾಕುವವರೂ ಹುಟ್ಟಿದ್ದರು.

ಪೆನ್‌ಡ್ರೈವಿನ ಕಡತಗಳ ಹೆಸರು

ಈ ಹವ್ಯಾಸದ ಚರಿತ್ರೆಯಲ್ಲಿ ಮತ್ತೆ ಮತ್ತೆ ನೆನಪಾಗುವ ದೃಶ್ಯವೊಂದಿದೆ. 2013ರ ನವೆಂಬರ್, ಇಂಗ್ಲೆಂಡಿನ ಒಂದು ಮನೆ. ಹೊಸ ಎಲ್‌ಜಿ ಟಿವಿಯ ಮುಖಪುಟದಲ್ಲಿ ಜಾಹೀರಾತು ಕಂಡು ಕಸಿವಿಸಿಗೊಂಡ ಮನೆಯ ಯಜಮಾನ, ಟಿವಿಯಿಂದ ಹೊರಗೆ ಹೋಗುವ ಪ್ಯಾಕೆಟ್‌ಗಳನ್ನು ಹಿಡಿದು ನೋಡತೊಡಗಿದ. ಚಾನೆಲ್ ಬದಲಿಸಿದಾಗಲೆಲ್ಲ ಅದರ ಹೆಸರು ಗುಟ್ಟಿನ ಲಿಪಿಯೂ ಇಲ್ಲದೆ ಬಟಾಬಯಲಾಗಿ ಕಂಪನಿಯ ಸರ್ವರ್ ಕಡೆ ಹೋಗುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ‘ನೋಡುವ ಮಾಹಿತಿಯ ಸಂಗ್ರಹ’ವನ್ನು ಆಫ್ ಮಾಡಿದ ಮೇಲೂ ಹೋಗುತ್ತಿತ್ತು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪೆನ್‌ಡ್ರೈವಿನಲ್ಲಿ ಬೇಕೆಂದೇ ವಿಚಿತ್ರ ಹೆಸರಿನ ನಕಲಿ ವಿಡಿಯೊ ಕಡತವೊಂದನ್ನು ಇಟ್ಟು ಚುಚ್ಚಿದ. ಆ ಹೆಸರೂ ಹೊರಗೆ ಹೊರಟಿತು. ತಮಾಷೆ ಏನೆಂದರೆ, ಹಾಗೆ ಹೋದ ಕೋರಿಕೆಗೆ ಆ ಕಡೆಯಿಂದ ಬರುತ್ತಿದ್ದ ಉತ್ತರ 404. ಪತ್ರ ಹಾಕಲಾಗುತ್ತಿದೆ, ಆ ವಿಳಾಸದಲ್ಲಿ ಮನೆಯೇ ಇಲ್ಲ. ಸುದ್ದಿ ಹಬ್ಬಿದ ಮೇಲೆ ಕಂಪನಿ ತಪ್ಪನ್ನು ಒಪ್ಪಿ, ಸರಿಪಡಿಸಿದ ಫರ್ಮ್‌ವೇರ್ (ಟಿವಿಯೊಳಗಿನ ಮೂಲ ತಂತ್ರಾಂಶ) ಕೊಡುವುದಾಗಿ ಹೇಳಿತು.

ಆಮೇಲಿನ ಹತ್ತು ವರ್ಷದಲ್ಲಿ ಈ ವಿದ್ಯೆ ಪಳಗಿದೆ. ಈಗಿನದ್ದರ ಹೆಸರು ಎಸಿಆರ್. ಪರದೆಯ ಮೇಲಿನ ಚಿತ್ರದಿಂದ ಆಗಾಗ ಒಂದು ಬೆರಳಚ್ಚು ತೆಗೆದು, ಸರ್ವರ್‌ನಲ್ಲಿರುವ ದೊಡ್ಡ ಬೆರಳಚ್ಚು ಕೋಶದ ಜೊತೆ ಹೋಲಿಸಿ, ನೀವು ನೋಡುತ್ತಿರುವುದು ಏನೆಂದು ಗುರುತಿಸುವುದು. ಹೇಳದೆ ಕೇಳದೆ ಇದನ್ನು 1.1 ಕೋಟಿ ಟಿವಿಗಳಲ್ಲಿ ಮಾಡಿದ್ದಕ್ಕೆ ವಿಜಿಯೊ 2017ರಲ್ಲಿ ಅಮೆರಿಕದಲ್ಲಿ 22 ಲಕ್ಷ ಡಾಲರ್ ತೆತ್ತು ರಾಜಿ ಮಾಡಿಕೊಂಡಿತು. ಲಂಡನ್ನಿನ ಯುನಿವರ್ಸಿಟಿ ಕಾಲೇಜಿನವರೂ ಸೇರಿದ್ದ ಸಂಶೋಧಕರ ತಂಡ 2024ರಲ್ಲಿ ಎಲ್‌ಜಿ ಮತ್ತು ಸ್ಯಾಮ್‌ಸಂಗ್ ಟಿವಿಗಳನ್ನು ಬ್ರಿಟನ್, ಅಮೆರಿಕಗಳಲ್ಲಿ ಅಳೆದು ನೋಡಿದಾಗ ಕಂಡದ್ದು ಎರಡು ಮುಖ್ಯ ಸಂಗತಿ. ಎಚ್‌ಡಿಎಂಐಗೆ ಬೇರೆ ಪೆಟ್ಟಿಗೆ ಚುಚ್ಚಿ ಟಿವಿಯನ್ನು ಬರೀ ಪರದೆಯಾಗಿ ಬಳಸಿದರೂ ಎಸಿಆರ್ ಕೆಲಸ ಮಾಡುತ್ತದೆ. ಅಂದರೆ ‘ನಾನು ಡಿಟಿಎಚ್ ಪೆಟ್ಟಿಗೆಯಲ್ಲಿ ಮಾತ್ರ ನೋಡ್ತೀನಿ’ ಎನ್ನುವುದು ರಕ್ಷಣೆಯಲ್ಲ. ಎರಡನೆಯದು ಸಮಾಧಾನದ್ದು: ಸೆಟ್ಟಿಂಗ್ಸ್‌ನಲ್ಲಿ ಒಪ್ಪಿಗೆ ಹಿಂತೆಗೆದುಕೊಂಡರೆ ಆ ಸಂಚಾರ ನಿಂತೇ ಹೋಗುತ್ತದೆ. 2013ರಲ್ಲಿ ಸುಳ್ಳು ಹೇಳುತ್ತಿದ್ದ ಗುಂಡಿ ಈಗ ನಿಜ ಹೇಳುತ್ತಿದೆ.

ಆದ್ದರಿಂದ ಮೊದಲ ಹ್ಯಾಕು ಹ್ಯಾಕೇ ಅಲ್ಲ. ಎಲ್‌ಜಿಯಲ್ಲಿ ಬಳಕೆದಾರರ ಒಪ್ಪಂದಗಳ ಪುಟಕ್ಕೆ ಹೋಗಿ ‘ವೀಕ್ಷಣೆ ಮಾಹಿತಿ’, ‘ಧ್ವನಿ ಮಾಹಿತಿ’, ‘ಆಸಕ್ತಿ ಆಧಾರಿತ ಜಾಹೀರಾತು’ಗಳ ಟಿಕ್ ತೆಗೆಯಿರಿ, ‘ಲೈವ್ ಪ್ಲಸ್’ ಎಂಬುದನ್ನೂ ಆಫ್ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ‘ವ್ಯೂಯಿಂಗ್ ಇನ್ಫರ್ಮೇಶನ್ ಸರ್ವಿಸಸ್’. ಗೂಗಲ್ ಟಿವಿಯಲ್ಲಿ ಖಾತೆಯ ಪುಟದೊಳಗೆ ‘ಆ್ಯಪ್ಸ್ ಓನ್ಲಿ ಮೋಡ್’ ಇದೆ. ಅದನ್ನು ಹಾಕಿದರೆ ಮುಖಪುಟದ ಶಿಫಾರಸುಗಳ ಸಾಲುಗಳೆಲ್ಲ ಮಾಯ. ಅದರ ಜೊತೆ ಗೂಗಲ್ ಅಸಿಸ್ಟೆಂಟ್ ಹುಡುಕಾಟವೂ ಹೋಗುತ್ತದೆ. ಮಾತಾಡಿ ಹುಡುಕುವ ಅಭ್ಯಾಸವಿರುವ ಮನೆಯಲ್ಲಿ ಕೇಳಿಕೊಂಡು ಮಾಡಿ, ಜಗಳವಾಗುತ್ತದೆ. ಫರ್ಮ್‌ವೇರ್ ಅಪ್‌ಡೇಟ್ ಆದ ಮೇಲೆ ಹೊಸ ಒಪ್ಪಂದವೊಂದು ಪರದೆಗೆ ಬರುವುದುಂಟು. ‘ಎಲ್ಲಕ್ಕೂ ಒಪ್ಪಿಗೆ’ ಎಂಬ ದೊಡ್ಡ ಗುಂಡಿಯನ್ನು ಮನೆಯ ಮಕ್ಕಳು ಒತ್ತಿಬಿಟ್ಟಿರುತ್ತಾರೆ. ಆರು ತಿಂಗಳಿಗೊಮ್ಮೆ ಹೋಗಿ ನೋಡಿ.

ಬಾಗಿಲಲ್ಲಿ ಕಾವಲು

ಎರಡನೆಯ ಉಗುರು ಡಿಎನ್‌ಎಸ್, ಅಂದರೆ ವೆಬ್ ಹೆಸರುಗಳಿಗೆ ಐಪಿ ವಿಳಾಸ ಹುಡುಕಿ ಕೊಡುವ ಸೇವೆ. ಟಿವಿ ಯಾವ ವಿಳಾಸ ಕೇಳಿತು ಎಂದು ಬರೆದಿಟ್ಟು, ಬೇಡದ್ದಕ್ಕೆ ‘ಗೊತ್ತಿಲ್ಲ’ ಎನ್ನುವ ಪೈ-ಹೋಲ್ ತಂತ್ರಾಂಶವನ್ನು ರಾಸ್‌ಬೆರಿ ಪೈ ಝೀರೊ 2 ಡಬ್ಲ್ಯುನಂಥ ಚಿಕ್ಕ ಬೋರ್ಡಿನ ಮೇಲೆ ಓಡಿಸಬಹುದು. ಫೈಬರ್ ಕಂಪನಿ ಕೊಟ್ಟ ರೂಟರ್‌ಗಳಲ್ಲಿ ಡಿಎನ್‌ಎಸ್ ಬದಲಿಸುವ ಜಾಗವೇ ಇರುವುದಿಲ್ಲ ಎಂಬುದು ನಮ್ಮಲ್ಲಿ ಸಾಮಾನ್ಯ ಗೋಳು. ಆಗ ಟಿವಿಯ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲೇ ‘ಮ್ಯಾನ್ಯುಯಲ್’ ಆಯ್ದು ಪೈನ ವಿಳಾಸ ಬರೆಯಿರಿ.

ಇಷ್ಟು ಮಾಡಿಯೂ ಲಾಗ್ ಖಾಲಿಯಿದ್ದರೆ ಕಾರಣ ಎರಡರಲ್ಲಿ ಒಂದು. ಕೆಲವು ಆ್ಯಪ್‌ಗಳು ನೀವು ಕೊಟ್ಟ ಡಿಎನ್‌ಎಸ್ ಬಿಟ್ಟು ನೇರ ಗೂಗಲ್‌ನ 8.8.8.8 ಅನ್ನು ಕೇಳುತ್ತವೆ. ಅದಕ್ಕೆ ರೂಟರ್‌ನಲ್ಲಿ ಡಿಎನ್‌ಎಸ್ ಕೇಳಿಕೆಗಳು ಹೋಗುವ 53ನೇ ಪೋರ್ಟಿನ ಸಂಚಾರವನ್ನೆಲ್ಲ ಪೈ ಕಡೆ ತಿರುಗಿಸುವ ನಿಯಮ ಬೇಕು. ಎರಡನೆಯದು ಐಪಿವಿ6, ಇಂಟರ್ನೆಟ್ ವಿಳಾಸಗಳ ಹೊಸ ಪದ್ಧತಿ. ನಮ್ಮ ಬಹಳಷ್ಟು ಫೈಬರ್ ಸಂಪರ್ಕಗಳಲ್ಲಿ ಅದು ಚಾಲೂ ಇರುತ್ತದೆ, ರೂಟರ್ ಆ ದಾರಿಯಲ್ಲಿ ತನ್ನದೇ ಡಿಎನ್‌ಎಸ್ ವಿಳಾಸ ಹಂಚುತ್ತದೆ, ಟಿವಿ ಖುಷಿಯಾಗಿ ಅದನ್ನು ಹಿಡಿಯುತ್ತದೆ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ. ಟಿವಿಯಲ್ಲಿ ಐಪಿವಿ6 ಆಫ್ ಮಾಡುವ ಆಯ್ಕೆ ಇದ್ದರೆ ಅಲ್ಲೇ ಮಾಡಿ, ಇಲ್ಲದಿದ್ದರೆ ರೂಟರ್‌ನಲ್ಲಿ.

ಸಿದ್ಧ ಪಟ್ಟಿಗಳನ್ನು ಒಮ್ಮೆಲೇ ಸುರಿಯಬೇಡಿ. ಸಿಕ್ಕಸಿಕ್ಕಲ್ಲಿ ತಡೆದರೆ ಆ್ಯಪ್ ಅಂಗಡಿ ತೆರೆಯುವುದಿಲ್ಲ, ಕೆಲವು ಟಿವಿಗಳಲ್ಲಿ ಗಡಿಯಾರವೇ ತಪ್ಪುತ್ತದೆ. ಗಡಿಯಾರ ತಪ್ಪಿದರೆ ಭದ್ರತಾ ಪ್ರಮಾಣಪತ್ರಗಳು ಕೈಕೊಟ್ಟು ಎಲ್ಲ ಆ್ಯಪ್‌ಗಳೂ ‘ಇಂಟರ್ನೆಟ್ ಇಲ್ಲ’ ಎಂದು ಅಳುತ್ತವೆ. ಟಿವಿ ಹಾಕಿ, ಹತ್ತು ನಿಮಿಷ ಒಂದೇ ಆ್ಯಪ್ ನೋಡಿ, ಲಾಗ್‌ನಲ್ಲಿ ಕಂಡ ಹೆಸರುಗಳಲ್ಲಿ ಒಂದೊಂದನ್ನೇ ತಡೆಯಿರಿ. ಹೆಸರಿನೊಳಗೆ ‘ಸ್ಮಾರ್ಟ್ ಆ್ಯಡ್’, ‘ಎಸಿಆರ್’, ‘ಅಲ್ಫಾನ್ಸೊ’ ಕಂಡರೆ ಯೋಚಿಸುವ ಅಗತ್ಯವಿಲ್ಲ. ಅಲ್ಫಾನ್ಸೊ ಎಂಬುದು 2021ರಲ್ಲಿ ಎಲ್‌ಜಿ ಬಹುಪಾಲು ಕೊಂಡ ವೀಕ್ಷಣಾ ಮಾಹಿತಿಯ ಕಂಪನಿ. ಯೂಟ್ಯೂಬ್ ಜಾಹೀರಾತು ಮಾತ್ರ ಈ ದಾರಿಯಲ್ಲಿ ಹೋಗುವುದಿಲ್ಲ. ವಿಡಿಯೊ ಬರುವ ಸರ್ವರ್‌ಗಳಿಂದಲೇ ಅದೂ ಬರುತ್ತದೆ, ತಡೆದರೆ ಎರಡೂ ನಿಲ್ಲುತ್ತವೆ.

ಆಂಡ್ರಾಯ್ಡ್ ಆದರೆ ಎಡಿಬಿ

ನಿಧಾನದ ಸಮಸ್ಯೆಗೆ ಆಂಡ್ರಾಯ್ಡ್ ಟಿವಿಯಲ್ಲಿ ಒಳ್ಳೆಯ ಮದ್ದಿದೆ: ಲ್ಯಾಪ್‌ಟಾಪಿನಿಂದ ಟಿವಿಗೆ ಆಜ್ಞೆ ಕೊಡುವ ಎಡಿಬಿ. ಅದಕ್ಕೆ ರೂಟ್ ಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್’ ಪುಟಕ್ಕೆ ಹೋಗಿ ‘ಬಿಲ್ಡ್’ ಸಾಲಿನ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಅಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ. ಲ್ಯಾಪ್‌ಟಾಪಿನಲ್ಲಿ ಗೂಗಲ್‌ನ ಪ್ಲಾಟ್‌ಫಾರ್ಮ್ ಟೂಲ್ಸ್ ಇಳಿಸಿಕೊಂಡು ‘ಎಡಿಬಿ ಕನೆಕ್ಟ್’ ಎಂದು ಬರೆದು, ಟಿವಿಯ ಐಪಿ ವಿಳಾಸ, ಕೋಲನ್, 5555 ಹಾಕಿದರೆ ಟಿವಿ ಪರದೆಯಲ್ಲಿ ಅನುಮತಿ ಕೇಳುತ್ತದೆ. ಕೆಲವು ಹೊಸ ಟಿವಿಗಳಲ್ಲಿ ಇದರ ಬದಲು ವೈರ್‌ಲೆಸ್ ಡೀಬಗ್ಗಿಂಗ್ ಇದ್ದು, ಮೊದಲು ಆರಂಕಿಯ ಜೋಡಣೆ ಸಂಖ್ಯೆ ಕೊಡಬೇಕು. ಸಂಪರ್ಕವೇ ಸಿಗದಿದ್ದರೆ ಹತ್ತಕ್ಕೆ ಎಂಟು ಸಲ ಲ್ಯಾಪ್‌ಟಾಪ್ ಒಂದು ನೆಟ್‌ವರ್ಕಿನಲ್ಲಿ, ಟಿವಿ ಗೆಸ್ಟ್ ನೆಟ್‌ವರ್ಕಿನಲ್ಲಿ ಇರುತ್ತವೆ.

ಒಳಗೆ ಹೋದ ಮೇಲೆ ಪ್ಯಾಕೇಜುಗಳ (ಟಿವಿಯಲ್ಲಿರುವ ಆ್ಯಪ್, ಸೇವೆಗಳ) ಪಟ್ಟಿ ತೆಗೆದು ಒಂದು ಕಡತದಲ್ಲಿ ಉಳಿಸಿಕೊಳ್ಳಿ. ಇದನ್ನು ಮರೆತವರು ಆಮೇಲೆ ತಲೆ ಚಚ್ಚಿಕೊಳ್ಳುತ್ತಾರೆ. ಪ್ಯಾಕೇಜ್ ತೆಗೆಯಲು ಎರಡು ದಾರಿ: ‘ಪಿಎಂ ಡಿಸೇಬಲ್-ಯೂಸರ್’ ಅದನ್ನು ಮಲಗಿಸುತ್ತದೆ, ‘ಪಿಎಂ ಅನ್‌ಇನ್‌ಸ್ಟಾಲ್’ ಜೊತೆಗೆ ‘ಯೂಸರ್ 0’ ಎಂದರೆ ನಿಮ್ಮ ಪಾಲಿಗೆ ಅಳಿಸುತ್ತದೆ. ಎರಡನೆಯದರಲ್ಲೂ ಮೂಲ ಪ್ರತಿ ಸಿಸ್ಟಂ ವಿಭಾಗದಲ್ಲೇ ಉಳಿಯುತ್ತದೆ, ಹಾಗಾಗಿ ಅಳಿಸಿದರೆ ಜಾಗ ಹೆಚ್ಚುತ್ತದೆ ಎನ್ನುವುದು ಭ್ರಮೆ. ಸುಮ್ಮನೆ ಮಲಗಿಸಿ, ಎಬ್ಬಿಸುವುದು ಸುಲಭ. ಕಂಪನಿ ತುರುಕಿದ ಅಂಗಡಿ, ಆಟ, ಸುದ್ದಿ, ನೀವು ಬಳಸದ ಓಟಿಟಿಗಳು, ಶಿಫಾರಸು ಸೇವೆ, ಎಲ್ಲ ಸೇರಿ ಎಂಟು ಹತ್ತು ಸಾಕು. ಎರಡು ಮೂರು ಮಲಗಿಸಿದ ಮೇಲೊಮ್ಮೆ ಟಿವಿ ರೀಸ್ಟಾರ್ಟ್ ಮಾಡಿ ನೋಡಿ. ನೂರು ಹೆಸರಿರುವ ಪಟ್ಟಿಯನ್ನು ಯಾರದೋ ಟಿವಿಯಿಂದ ತಂದು ನಿಮ್ಮ ಟಿವಿಗೆ ಅಂಟಿಸಿದರೆ ಬ್ಲೂಟೂತ್ ರಿಮೋಟಿನ ಸೇವೆಯೋ ಎಚ್‌ಡಿಎಂಐ ಇನ್‌ಪುಟ್ ತೋರಿಸುವ ಸೇವೆಯೋ ಅದರೊಳಗೆ ಸೇರಿಕೊಂಡಿರುತ್ತದೆ. ರಿಮೋಟೇ ಸತ್ತ ಮೇಲೆ ಟಿವಿಗೆ ಯುಎಸ್‌ಬಿ ಮೌಸ್ ಚುಚ್ಚಿ ಓಡಾಡಬಹುದು ಎಂಬುದು ಆ ಹೊತ್ತಿನಲ್ಲಿ ಯಾರಿಗೂ ಹೊಳೆಯುವುದಿಲ್ಲ, ಈಗಲೇ ನೆನಪಿಟ್ಟುಕೊಳ್ಳಿ.

ಲಾಂಚರ್, ಅಂದರೆ ಮುಖಪುಟ ತೋರಿಸುವ ಆ್ಯಪ್, ಬದಲಿಸುವಾಗ ಕ್ರಮ ಮುಖ್ಯ. ಮೊದಲು ಪ್ರೊಜೆಕ್ಟಿವಿಯಂಥ ಹೊಸ ಲಾಂಚರ್ ಹಾಕಿ, ತೆರೆದು, ಅದಕ್ಕೆ ಬೇಕಾದ ಆಕ್ಸೆಸಿಬಿಲಿಟಿ ಅನುಮತಿ ಕೊಟ್ಟು, ಹೋಮ್ ಬಟನ್ ಅಲ್ಲಿಗೇ ಬರುತ್ತದೆಂದು ಖಾತ್ರಿಯಾದ ಮೇಲೆ ಹಳೆಯದನ್ನು ಮಲಗಿಸುವುದು. ಉಲ್ಟಾ ಮಾಡಿದರೆ ಕಪ್ಪು ಪರದೆ. ಹಾಗಾದರೂ ಎದೆ ಒಡೆದುಕೊಳ್ಳಬೇಡಿ. ಡೀಬಗ್ಗಿಂಗ್ ಇನ್ನೂ ಜೀವಂತ ಇರುತ್ತದೆ, ಲ್ಯಾಪ್‌ಟಾಪಿನಿಂದ ‘ಪಿಎಂ ಎನೇಬಲ್’ ಕೊಟ್ಟರೆ ಹಳೆಯ ಮುಖ ವಾಪಸು. ಹೊರಗಿನಿಂದ ತಂದ ಆ್ಯಪ್ ಕೂರದೆ ‘ಹೊಂದುವ ಎಬಿಐ ಇಲ್ಲ’ ಎಂದರೆ, ನೀವು ತಂದದ್ದು 64 ಬಿಟ್‌ನದು. ಪ್ರೊಸೆಸರ್ 64 ಬಿಟ್ ಆಗಿದ್ದರೂ ಬಹುತೇಕ ಟಿವಿಗಳು ರ‍್ಯಾಮ್ ಉಳಿಸಲು 32 ಬಿಟ್ ಆಂಡ್ರಾಯ್ಡನ್ನೇ ಓಡಿಸುತ್ತವೆ, ಆ್ಯಪ್‌ನ ‘ವಿ7ಎ’ ರೂಪ ಹುಡುಕಿ. ಕೂತರೂ ಮುಖಪುಟದಲ್ಲಿ ಕಾಣದಿದ್ದರೆ ಅದು ಫೋನಿನ ಆ್ಯಪ್. ಟಿವಿ ಲಾಂಚರ್ ತೋರಿಸುವುದು ‘ಲೀನ್‌ಬ್ಯಾಕ್’ ಎಂದು ಘೋಷಿಸಿಕೊಂಡವನ್ನು ಮಾತ್ರ.

ಕೆಲಸ ಮುಗಿದ ಕೂಡಲೇ ಡೀಬಗ್ಗಿಂಗ್ ಆಫ್ ಮಾಡಿ. 2018ರ ಫೆಬ್ರುವರಿಯಲ್ಲಿ ಎಡಿಬಿ ಮೈನರ್ ಎಂಬ ಹುಳ ಇದೇ 5555ನೇ ಪೋರ್ಟ್ ತೆರೆದಿಟ್ಟ ಆಂಡ್ರಾಯ್ಡ್ ಪೆಟ್ಟಿಗೆಗಳನ್ನೂ ಟಿವಿಗಳನ್ನೂ ಹುಡುಕಿ ಹುಡುಕಿ ಒಳಹೊಕ್ಕು, ಅವುಗಳ ಬೆವರಿನಲ್ಲಿ ಕ್ರಿಪ್ಟೊ ನಾಣ್ಯ ಗಣಿಗಾರಿಕೆ ಮಾಡಿತ್ತು. ಹಾಗೆಯೇ, ‘ರೂಟ್ ಆಗಿಯೇ ಬರುತ್ತೆ’ ಎಂದು ಮಾರುವ ಹೆಸರಿಲ್ಲದ ಅಗ್ಗದ ಪೆಟ್ಟಿಗೆಗಳ ಹತ್ತಿರ ಹೋಗಬೇಡಿ. ಬ್ಯಾಡ್‌ಬಾಕ್ಸ್ ಎಂಬ ಹೆಸರಲ್ಲಿ 2023ರಲ್ಲಿ ಬಯಲಾದದ್ದು ಅಂಥ ಪೆಟ್ಟಿಗೆಗಳ ಕಥೆಯೇ, ಕಳ್ಳ ತಂತ್ರಾಂಶ ಫರ್ಮ್‌ವೇರ್ ಜೊತೆಗೇ ಬಂದಿತ್ತು.

ಈಗ ಕೊಡಲಿ

ಎಲ್‌ಜಿ ಟಿವಿಯಲ್ಲಿ ಎಡಿಬಿ ಇಲ್ಲ. ಅಲ್ಲಿ ಮೊದಲ ಮೆಟ್ಟಿಲು ಕಂಪನಿಯೇ ಕೊಟ್ಟ ‘ಡೆವಲಪರ್ ಮೋಡ್’ ಆ್ಯಪ್. ಎಲ್‌ಜಿಯ ಡೆವಲಪರ್ ಖಾತೆ ತೆರೆದು, ಆ್ಯಪ್ ಹಾಕಿ, ಲಾಗಿನ್ ಆಗಿ, ಮೋಡ್ ಆನ್ ಮಾಡಿದರೆ ಟಿವಿ ರೀಸ್ಟಾರ್ಟ್ ಆಗುತ್ತದೆ. ಆಮೇಲೆ ‘ಕೀ ಸರ್ವರ್’ ಆನ್ ಮಾಡಿ ಪರದೆಯಲ್ಲಿ ಕಾಣುವ ಆರಕ್ಷರದ ಗುಪ್ತಪದ ಬರೆದುಕೊಳ್ಳಿ. 9922ನೇ ಪೋರ್ಟಿನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಆಜ್ಞೆ ಕೊಡುವ ಸುರಕ್ಷಿತ ದಾರಿ) ಸಿಗುತ್ತದೆ. ಬಳಕೆದಾರನ ಹೆಸರು ‘ಪ್ರಿಸನರ್’, ಕೈದಿ. ಇಷ್ಟು ಪ್ರಾಮಾಣಿಕವಾಗಿ ಹೆಸರಿಟ್ಟ ಇಂಜಿನಿಯರನ್ನು ಮೆಚ್ಚಲೇಬೇಕು. ಕೈದಿಗೆ ಆ್ಯಪ್ ಹಾಕುವ ಸ್ವಾತಂತ್ರ್ಯ ಉಂಟು, ಸಿಸ್ಟಂ ಮುಟ್ಟುವಂತಿಲ್ಲ. ಅವಧಿ ಮೊದಲು 50 ಗಂಟೆ ಇತ್ತು, ಈಗ 1000 ಗಂಟೆ, ಸುಮಾರು 41 ದಿನ. ಅಷ್ಟರೊಳಗೆ ‘ಎಕ್ಸ್‌ಟೆಂಡ್’ ಒತ್ತದಿದ್ದರೆ ನೀವು ಹಾಕಿದ ಆ್ಯಪ್‌ಗಳೆಲ್ಲ ಅಳಿಸಿಹೋಗುತ್ತವೆ. ವೆಬ್‌ಓಎಸ್ ಬ್ರೂ ಎಂಬ ಹವ್ಯಾಸಿ ಬಳಗದ ‘ಡಿವೈಸ್ ಮ್ಯಾನೇಜರ್’ ಬಳಸಿದರೆ ಈ ಜೋಡಣೆ, ಆ್ಯಪ್ ಹಾಕುವುದು ಎಲ್ಲ ಲ್ಯಾಪ್‌ಟಾಪಿನ ಒಂದೇ ಕಿಟಕಿಯಲ್ಲಿ ಮುಗಿಯುತ್ತದೆ. ಒಂದೆರಡು ಆ್ಯಪ್ ಸಾಕೆನ್ನುವವರು ಇಲ್ಲೇ ನಿಲ್ಲುವುದು ಒಳ್ಳೆಯದು.

ರೂಟ್ ಬೇರೆ ಮಾತು. ಅದು ಕಂಪನಿ ಕೊಟ್ಟ ಬಾಗಿಲಲ್ಲ, ಗೋಡೆಯ ಬಿರುಕು. 2021ರಲ್ಲಿ ಬಂದ ರೂಟ್‌ಮೈಟಿವಿ, ಟಿವಿಯ ಬ್ರೌಸರಿನಲ್ಲಿ ಒಂದು ಪುಟ ತೆರೆದು ಗುಂಡಿ ಜಾರಿಸಿದರೆ ಕೆಲಸ ಮುಗಿಸುತ್ತಿತ್ತು. ಎಲ್‌ಜಿ ಅದನ್ನು ಮುಚ್ಚಿತು. ಆಮೇಲೆ ಡೇಜಾವಲ್ನ್ ಬಂತು. ಅದರಲ್ಲಿ ಯುಎಸ್‌ಬಿ ಕಡ್ಡಿಗೆ ಕಡತಗಳನ್ನು ಬಿಚ್ಚಿ ಹಾಕಿ ಟಿವಿಯ ಮ್ಯೂಸಿಕ್ ಆ್ಯಪಿನಿಂದ ತೆರೆಯುವುದು. ಅದನ್ನೂ ಮುಚ್ಚಿದ ಮೇಲೆ ಫಾಲ್ಟ್‌ಮ್ಯಾನೇಜರ್. ಪ್ರತಿ ಬಿರುಕಿಗೂ ಒಂದು ಕೊನೆಯ ಫರ್ಮ್‌ವೇರ್ ಇದೆ, ಅದನ್ನು ದಾಟಿದ ಟಿವಿಯನ್ನು ಹಿಂದಕ್ಕೆ ತರುವುದು ಸುಲಭವಲ್ಲ. ಆದ್ದರಿಂದ ಮೊದಲ ಕೆಲಸ ಆಟೊಮ್ಯಾಟಿಕ್ ಅಪ್‌ಡೇಟ್ ಆಫ್ ಮಾಡುವುದು. ಎರಡನೆಯದು ಮಾದರಿ ಸಂಖ್ಯೆಯನ್ನೂ ಫರ್ಮ್‌ವೇರ್ ಆವೃತ್ತಿಯನ್ನೂ ಬರೆದುಕೊಂಡು, ನಿಮ್ಮದಕ್ಕೆ ಯಾವ ದಾರಿ ತೆರೆದಿದೆ ಎಂದು ವೆಬ್‌ಓಎಸ್ ಬ್ರೂ ಬಳಗದ ಪಟ್ಟಿಯಲ್ಲಿ ನೋಡುವುದು. ಡೆವಲಪರ್ ಮೋಡ್ ಆ್ಯಪ್ ಇದ್ದರೆ ತೆಗೆದುಹಾಕಿ, ರೂಟ್ ಕೂರುವ ಆರಂಭದ ಸ್ಕ್ರಿಪ್ಟಿನ ಜೊತೆ ಅದು ಗುದ್ದಾಡುತ್ತದೆ. ಮಳೆಗಾಲದಲ್ಲಿ ಕರೆಂಟ್ ಕಣ್ಣುಮುಚ್ಚಾಲೆ ಆಡುವ ಊರಾದರೆ ಟಿವಿಯನ್ನು ಯುಪಿಎಸ್‌ಗೆ ಚುಚ್ಚಿ ಕೂರಿ.

ರೂಟ್ ಆದ ಮೇಲೆ ‘ಹೋಂಬ್ರೂ ಚಾನೆಲ್’ ಎಂಬ ಆ್ಯಪ್ ಕಾಣಿಸುತ್ತದೆ. ಅದರ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ ಅಪ್‌ಡೇಟ್ ತಡೆಯುವುದನ್ನು ಆನ್ ಮಾಡಿ, ಎಸ್‌ಎಸ್‌ಎಚ್ ಆನ್ ಮಾಡಿ, ಅದರ ಅಸುರಕ್ಷಿತ ಹಳೆಯ ರೂಪವಾದ ಟೆಲ್‌ನೆಟ್ ಆಫ್ ಮಾಡಿ. ಎಸ್‌ಎಸ್‌ಎಚ್‌ನ ರೂಟ್ ಗುಪ್ತಪದ ‘ಆಲ್ಪೈನ್’, ಹಳೆಯ ಐಫೋನ್‌ಗಳ ಬೀಗ ಮುರಿಯುವ ಜೈಲ್‌ಬ್ರೇಕ್ ಕಾಲದಿಂದ ಲೋಕಕ್ಕೆಲ್ಲ ಗೊತ್ತಿರುವ ಪದ. ನಿಮ್ಮ ಸಾರ್ವಜನಿಕ ಕೀಲಿಯನ್ನು ರೂಟ್‌ನ ಮನೆಯೊಳಗಿನ ಎಸ್‌ಎಸ್‌ಎಚ್ ಕೋಶದಲ್ಲಿ ಇಟ್ಟರೆ ಆ ಗುಪ್ತಪದ ಕೆಲಸ ಮಾಡುವುದು ನಿಲ್ಲುತ್ತದೆ, ಇದನ್ನು ನಾಳೆಗೆ ಮುಂದೂಡಬೇಡಿ. ಸಿಸ್ಟಂ ವಿಭಾಗ ಓದಲಷ್ಟೇ ಇರುವ ಸ್ಕ್ವಾಶ್‌ಎಫ್‌ಎಸ್ ಆದ್ದರಿಂದ ಅಲ್ಲಿ ನೇರ ತಿದ್ದಲಾಗದು. ಬದಲಾವಣೆಗಳೆಲ್ಲ ಟಿವಿ ಆನ್ ಆದಾಗ ಓಡುವ ಸ್ಕ್ರಿಪ್ಟ್‌ಗಳ ಮೂಲಕ. ಅವುಗಳಲ್ಲಿ ತಪ್ಪಾಗಿ ಟಿವಿ ಕುಸಿದರೆ ಮುಂದಿನ ಸಲ ‘ಫೇಲ್‌ಸೇಫ್’ನಲ್ಲಿ ಏಳುತ್ತದೆ, ಆಗ ನಿಮ್ಮ ಸ್ಕ್ರಿಪ್ಟ್‌ಗಳು ಓಡದೆ ಒಳಗೆ ಬರುವ ದಾರಿಯಷ್ಟೇ ತೆರೆದಿರುತ್ತದೆ. ಫ್ಯಾಕ್ಟರಿ ರಿಸೆಟ್ ಮಾಡಿದರೆ ರೂಟ್ ಹೋಗುತ್ತದೆ.

ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಿಮ್ಮನ್ನು ಒಳಗೆ ಬಿಟ್ಟ ಬಿರುಕು ಬೇರೆಯವರನ್ನೂ ಬಿಡುತ್ತದೆ. 2024ರ ಏಪ್ರಿಲ್‌ನಲ್ಲಿ ಬಿಟ್‌ಡಿಫೆಂಡರ್ ಸಂಸ್ಥೆ ವೆಬ್‌ಓಎಸ್‌ನ ನಾಲ್ಕು ದೋಷಗಳನ್ನು ಪ್ರಕಟಿಸಿದಾಗ, ದೋಷವಿದ್ದ ಸೇವೆಯನ್ನು ಇಂಟರ್ನೆಟ್ಟಿಗೆ ನೇರ ತೆರೆದಿಟ್ಟ 91,000ಕ್ಕೂ ಹೆಚ್ಚು ಟಿವಿಗಳು ಹುಡುಕಾಟದಲ್ಲಿ ಸಿಕ್ಕಿದ್ದವು. ಅಪ್‌ಡೇಟ್ ತಡೆದ ಟಿವಿಯ ಕಾವಲು ಇನ್ನು ನಿಮ್ಮದೇ. ರೂಟರ್‌ನಲ್ಲಿ ಯುಪಿಎನ್‌ಪಿ (ಸಾಧನಗಳು ತಾವಾಗಿಯೇ ಹೊರಗಿನ ಬಾಗಿಲು ತೆರೆಸಿಕೊಳ್ಳುವ ಸೌಲಭ್ಯ) ಆಫ್ ಮಾಡಿ, ಸಾಧ್ಯವಿದ್ದರೆ ಟಿವಿಗೆ ಬೇರೆ ನೆಟ್‌ವರ್ಕ್ ಕೊಡಿ. ಆಗ ಫೋನಿನಿಂದ ಕಾಸ್ಟ್ ಆಗುವುದಿಲ್ಲ, ಅದೇ ಅದರ ಬೆಲೆ.

ಬೆಳಕಿನ ಪಟ್ಟಿಯ ಲೆಕ್ಕ

ಎಲ್‌ಜಿ ಟಿವಿಯೊಳಗಿನಿಂದಲೇ ಮಾಡಲು ರೂಟ್ ಬೇಕಾಗುವ, ಆದರೆ ಮಾಡಿದಾಗ ನಿಜಕ್ಕೂ ಖುಷಿ ಕೊಡುವ ಒಂದು ಕೆಲಸವಿದೆ: ಪರದೆಯ ಅಂಚಿನ ಬಣ್ಣವನ್ನೇ ಟಿವಿಯ ಹಿಂದಿನ ಗೋಡೆಗೆ ಚೆಲ್ಲುವುದು. ಪಿಕ್‌ಕ್ಯಾಪ್ ಎಂಬ ಆ್ಯಪ್ ಟಿವಿಯೊಳಗಿನಿಂದಲೇ ಚಿತ್ರ ಹಿಡಿದು ಬಣ್ಣ ಲೆಕ್ಕ ಹಾಕುವ ಹೈಪೀರಿಯನ್ ತಂತ್ರಾಂಶಕ್ಕೆ ಕೊಡುತ್ತದೆ, ಹೈಪೀರಿಯನ್ ಅದನ್ನು ವೈಫೈನಲ್ಲಿ ಇಎಸ್‌ಪಿ32 ಎಂಬ ಚಿಕ್ಕ ಬೋರ್ಡಿನಲ್ಲಿ ಓಡುವ, ದೀಪಗಳನ್ನು ನಡೆಸುವ ಡಬ್ಲ್ಯುಎಲ್‌ಇಡಿ ತಂತ್ರಾಂಶಕ್ಕೆ ಕಳಿಸುತ್ತದೆ. 43 ಇಂಚಿನ ಪರದೆ ಸುಮಾರು 95 ಸೆಂಟಿಮೀಟರ್ ಅಗಲ, 53.5 ಎತ್ತರ, ಸುತ್ತಳತೆ ಹೆಚ್ಚುಕಡಿಮೆ 3 ಮೀಟರ್. ಮೀಟರಿಗೆ 30 ದೀಪಗಳ ಡಬ್ಲ್ಯುಎಸ್2812ಬಿ ಪಟ್ಟಿ ಹಾಕಿದರೆ 89 ದೀಪ. ಪೂರ್ತಿ ಬಿಳಿ ಬೆಳಗಿದಾಗ ಒಂದೊಂದೂ 60 ಮಿಲಿಆಂಪ್ ಎಳೆಯುತ್ತದೆ, ಅಂದರೆ 5.3 ಆಂಪ್. ಹಾಗಾಗಿ 5 ವೋಲ್ಟ್ 6 ಆಂಪ್‌ನ ಅಡಾಪ್ಟರ್ ಬೇಕು. ಟಿವಿಯ ಯುಎಸ್‌ಬಿ ಸಾಮಾನ್ಯವಾಗಿ ಕೊಡುವುದು ಅರ್ಧ ಆಂಪ್, ಅದರ ಮೇಲೆ ಕಣ್ಣು ಹಾಕಬೇಡಿ. ಪಟ್ಟಿಯ ಒಂದೇ ತುದಿಗೆ ಕರೆಂಟ್ ಕೊಟ್ಟರೆ ಇನ್ನೊಂದು ತುದಿಯಲ್ಲಿ ಬಿಳಿ ಬಣ್ಣ ಕೆಂಪಗೆ ತಿರುಗುತ್ತದೆ, ಎರಡೂ ತುದಿಗೆ ಕೊಡಿ. ಡೇಟಾ ತಂತಿಗೆ 330 ಓಮ್ ರೆಸಿಸ್ಟರ್, ಕರೆಂಟಿನ ತಂತಿಗಳಿಗೆ ಅಡ್ಡಲಾಗಿ 1000 ಮೈಕ್ರೊಫ್ಯಾರಡ್ ಕೆಪಾಸಿಟರ್. ದೀಪಗಳು ಹುಚ್ಚೆದ್ದು ಮಿನುಗಿದರೆ ಬೋರ್ಡಿನ ಗ್ರೌಂಡನ್ನು ಅಡಾಪ್ಟರಿನ ಗ್ರೌಂಡಿಗೆ ಸೇರಿಸಲು ಮರೆತಿದ್ದೀರಿ. ಸೇರಿಸಿಯೂ ಮಿನುಗಿದರೆ ಇಎಸ್‌ಪಿಯ 3.3 ವೋಲ್ಟಿನ ಡೇಟಾ ಪಟ್ಟಿಗೆ ಸಾಲುತ್ತಿಲ್ಲ, ನಡುವೆ ಅದರ ವೋಲ್ಟೇಜ್ ಏರಿಸುವ 74ಎಎಚ್‌ಸಿಟಿ125 ಚಿಪ್ ಹಾಕಿ. ಬೆಂಗಳೂರಿನವರಿಗೆ ಇಷ್ಟೂ ಎಸ್‌.ಪಿ. ರಸ್ತೆಯ ಒಂದು ಓಡಾಟದಲ್ಲಿ ಸಿಗುತ್ತದೆ.

ಮುಟ್ಟಬಾರದ ಜಾಗಗಳು

ಸ್ಯಾಮ್‌ಸಂಗ್ ಬಗ್ಗೆ ಹೇಳುವುದು ಕಡಿಮೆ. ಆ್ಯಪ್ಸ್ ಪುಟದಲ್ಲಿ ರಿಮೋಟಿನಿಂದ 12345 ಒತ್ತಿದರೆ ಡೆವಲಪರ್ ಮೋಡ್ ಬರುತ್ತದೆ, ಅಲ್ಲಿ ನಿಮ್ಮ ಕಂಪ್ಯೂಟರಿನ ಐಪಿ ಬರೆದು ಟಿವಿ ರೀಸ್ಟಾರ್ಟ್ ಮಾಡಬೇಕು. ಆದರೆ ಆ್ಯಪ್ ಕೂರಬೇಕಾದರೆ ನಿಮ್ಮದೇ ಟಿವಿಯ ಗುರುತು ಸಂಖ್ಯೆ ಸೇರಿಸಿ ಮಾಡಿದ ಪ್ರಮಾಣಪತ್ರದ ಸಹಿ ಬೇಕು. ಹವ್ಯಾಸಿಗಳ ಟೈಜೆನ್‌ಬ್ರೂ ತಂತ್ರಾಂಶ ಆ ಹೊರೆಯನ್ನು ಕಡಿಮೆ ಮಾಡಿದೆ, ಅಷ್ಟೇ.

ರಿಪೇರಿಯವರಿಗೆಂದು ಅಡಗಿಸಿಟ್ಟ ಸರ್ವಿಸ್ ಮೆನು ತೆರೆಯುವ ಗುಟ್ಟಿನ ಗುಂಡಿಗಳನ್ನು ಮಂತ್ರದ ಹಾಗೆ ಹಂಚುತ್ತಾರೆ. ಅದರೊಳಗೆ ಪ್ಯಾನೆಲ್ ಮಾದರಿಯ ಆಯ್ಕೆ ಇರುತ್ತದೆ. ಒಂದು ಅಂಕಿ ತಪ್ಪಿದರೆ ಚಿತ್ರ ತಲೆಕೆಳಗಾಗುತ್ತದೆ ಅಥವಾ ಪರದೆ ಪೂರ್ತಿ ಕಪ್ಪಾಗುತ್ತದೆ, ಆಮೇಲೆ ಕಾಣದ ಮೆನುವಿನಲ್ಲಿ ಕುರುಡರ ಹಾಗೆ ತಡಕಾಡಬೇಕು. ನೋಡಲೇಬೇಕೆಂದರೆ ಪ್ರತಿ ಪುಟದ ಫೋಟೊ ತೆಗೆದುಕೊಂಡು, ಏನೂ ಬದಲಿಸದೆ ಹೊರಗೆ ಬನ್ನಿ. ಹಿಂದಿನ ಮುಚ್ಚಳ ಬಿಚ್ಚುವುದಂತೂ ಇನ್ನೂ ಗಂಭೀರ. ಪ್ಲಗ್ ಕಿತ್ತ ಮೇಲೂ ಪವರ್ ಬೋರ್ಡಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು, ಮೀಟರ್ ಹಿಡಿದು ಇಳಿದಿದೆ ಎಂದು ನೋಡುವವರೆಗೆ ಕೈ ಇಡಬೇಡಿ. ಬೋರ್ಡಿಗೆ ತಂತಿಯಿಂದ ನೇರ ಆಜ್ಞೆ ಕೊಡುವ ಸೀರಿಯಲ್ ಕನ್ಸೋಲ್ ಹುಡುಕುವವರು ಮಾಡುವ ಸಾಮಾನ್ಯ ತಪ್ಪು, ಹೆಚ್ಚು ವೋಲ್ಟಿನ ಆರ್‌ಎಸ್-232 ಮತ್ತು 3.3 ವೋಲ್ಟಿನ ಟಿಟಿಎಲ್ ಒಂದೇ ಎಂದುಕೊಳ್ಳುವುದು. ಹೊರಗಿನ ಸರ್ವಿಸ್ ಜ್ಯಾಕಿನಲ್ಲಿ ಮೊದಲನೆಯದು ಇರಬಹುದು, ಬೋರ್ಡಿನ ಮೇಲಿನ ಪಿನ್‌ಗಳಲ್ಲಿ ಎರಡನೆಯದು. ತಪ್ಪಾಗಿ ಸೇರಿಸಿದರೆ ನೂರಿನ್ನೂರು ರೂಪಾಯಿಯ ಅಡಾಪ್ಟರ್ ಸುಟ್ಟರೆ ಪುಣ್ಯ, ಟಿವಿಯ ಮುಖ್ಯ ಚಿಪ್ ಸುಟ್ಟರೆ ಹೊಸ ಬೋರ್ಡು.

ಕಾನೂನಿನ ಮಾತು ಎರಡೇ ಸಾಲು. ಅಮೆರಿಕದಲ್ಲಿ ಸ್ಮಾರ್ಟ್ ಟಿವಿ ಜೈಲ್‌ಬ್ರೇಕಿಗೆ 2015ರಲ್ಲೇ ವಿನಾಯಿತಿ ಸಿಕ್ಕಿದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು ಶಿಕ್ಷೆ ಹೇಳುವುದು ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣೆ ಮುರಿದವರಿಗೆ. ವಾರಂಟಿ ಇನ್ನೂ ಇದ್ದರೆ ಅದು ಮುಗಿಯುವವರೆಗೆ ಉಗುರಿನ ಕೆಲಸಗಳಲ್ಲೇ ಇರಿ.

ಇನ್ನೊಂದು ಕೆಲಸ ಉಳಿಯಿತು. ಒಂದು ಹಾಳೆಯಲ್ಲಿ ಟಿವಿಯ ಮಾದರಿ, ಫರ್ಮ್‌ವೇರ್ ಆವೃತ್ತಿ, ಐಪಿ ವಿಳಾಸ, ಡಿಎನ್‌ಎಸ್ ವಿಳಾಸ, ಮಲಗಿಸಿದ ಪ್ಯಾಕೇಜುಗಳ ಹೆಸರು, ದಿನಾಂಕ ಎಲ್ಲ ಬರೆದು ಟಿವಿಯ ಬೆನ್ನಿಗೆ ಅಂಟಿಸಿ. ಮೇಲ್ಗಡೆ ದಪ್ಪ ಅಕ್ಷರದಲ್ಲಿ, ಮನೆಯ ಉಳಿದವರಿಗಾಗಿ: ‘ಚಿತ್ರ ಬಾರದಿದ್ದರೆ ರಿಮೋಟಿನ ಇನ್‌ಪುಟ್ ಗುಂಡಿ ಒತ್ತಿ, ಎಚ್‌ಡಿಎಂಐ 1.’ ಡಿಟಿಎಚ್ ಪೆಟ್ಟಿಗೆ ಅಲ್ಲೇ ಚುಚ್ಚಿರಲಿ.